ವಿವೇಕ, ಬುದ್ಧಿ, ತರ್ಕ, ಕಾರಣ: ವಿರುದ್ಧ ಪದವನ್ನು ಆರಿಸುವ ಬಗೆ

ವಿರುದ್ಧ ಪದ ಹುಡುಕುವವರು ಮೂಲಪದವನ್ನು ಮೊದಲು ಒಂದು ಪೂರ್ಣ ವಾಕ್ಯದಲ್ಲಿಟ್ಟು, ಅಲ್ಲಿ ಅದರ ಅರ್ಥವೇನೆಂದು ನಿಶ್ಚಯಿಸಿಕೊಳ್ಳಬೇಕು. ವಿವೇಕ, ಬುದ್ಧಿ, ತರ್ಕ, ಕಾರಣ ಇವೆಲ್ಲ ನೆರೆಹೊರೆಯ ಪದಗಳಾದರೂ ಒಂದರ ವಿರುದ್ಧ ಪದ ಇನ್ನೊಂದಕ್ಕೆ ಹೊಂದುವುದಿಲ್ಲ.

ವಿವೇಕವೆಂದರೆ ಸರಿ ತಪ್ಪುಗಳನ್ನು ಬೇರ್ಪಡಿಸಿ ನೋಡುವ ಶಕ್ತಿ. ಆ ವಿಂಗಡಣೆ ಇಲ್ಲದಿರುವುದೇ ಅವಿವೇಕ. ಅದು ದಡ್ಡತನವಲ್ಲ, ಬಹಳ ಓದಿದವರಲ್ಲೂ ಇರಬಹುದು. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಹುಡುಗನನ್ನು ಅವಿವೇಕಿ ಎನ್ನುವುದು ಭಾಷೆಯ ದೃಷ್ಟಿಯಿಂದ ತಪ್ಪು, ಆ ಮಗುವಿಗೆ ಮಾಡುವ ಅನ್ಯಾಯವೂ ಹೌದು. ಬುದ್ಧಿ ಇಲ್ಲದಿದ್ದರೆ ನಿರ್ಬುದ್ಧಿ, ಇದ್ದೂ ಕೆಟ್ಟ ದಾರಿ ಹಿಡಿದರೆ ದುರ್ಬುದ್ಧಿ.

ತರ್ಕದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ‘ನಮ್ಮಜ್ಜ ದಿನವೂ ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದರು, ಆದ್ದರಿಂದ ಬೀಡಿ ಕೆಟ್ಟದ್ದಲ್ಲ’ ಎಂಬ ಮಾತಿನಲ್ಲಿ ‘ಆದ್ದರಿಂದ’ ಇದೆ, ತರ್ಕದ ರೂಪವೂ ಇದೆ. ಆದರೆ ಒಬ್ಬರ ಉದಾಹರಣೆಯಿಂದ ಎಲ್ಲರಿಗೂ ತೀರ್ಮಾನ ಹೇಳಿರುವುದರಿಂದ ಅದು ಕುತರ್ಕ. ತರ್ಕವೇ ಇಲ್ಲದ ಮಾತಿಗೆ ತರ್ಕಹೀನ ಎನ್ನಬೇಕು, ತರ್ಕದ ಅಳವಿಗೆ ಸಿಗದ ಅನುಭವಕ್ಕೆ ತರ್ಕಾತೀತ ಎನ್ನಬೇಕು. ಭಾವನೆಯನ್ನು ತರ್ಕದ ವಿರುದ್ಧ ಪದವೆಂದು ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅವೆರಡೂ ಒಂದೇ ಮಾತಿನಲ್ಲಿ ಜೊತೆಯಾಗಿ ಇರಬಲ್ಲವು.

‘ಮಳೆ ಕೈಕೊಟ್ಟದ್ದೇ ಬೆಳೆ ಒಣಗಲು ಕಾರಣ’ ಎಂಬಲ್ಲಿ ಕಾರಣಕ್ಕೆ ಎದುರಾದದ್ದು ಪರಿಣಾಮ, ಶಾಸ್ತ್ರಗ್ರಂಥಗಳಲ್ಲಾದರೆ ಕಾರ್ಯ. ‘ಸಕಾರಣವಾಗಿ ಸಿಟ್ಟಾದರು’ ಎಂಬುದಕ್ಕೆ ಅಕಾರಣ, ನಿಷ್ಕಾರಣ, ವಿನಾಕಾರಣ ಎಲ್ಲವೂ ಸಲ್ಲುತ್ತವೆ. ಆಡುಮಾತಿನಲ್ಲಿ ಸುಮ್ಮಸುಮ್ಮನೆ ಎಂದರೆ ಸಾಕು.

ವೈಚಾರಿಕತೆಗೆ ಎದುರಾಗಿ ಮೌಢ್ಯ ಎನ್ನುತ್ತೇವೆ. ಕರ್ನಾಟಕದ 2017ರ ಅಧಿನಿಯಮವನ್ನು ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆದರೂ ಅದರ ಅಧಿಕೃತ ಹೆಸರಿನಲ್ಲಿರುವುದು ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ. ಮೌಢ್ಯ ಮನಸ್ಸಿನ ಸ್ಥಿತಿ, ಕಾನೂನು ಶಿಕ್ಷಿಸುವುದು ಕೃತ್ಯವನ್ನು. ಆದ್ದರಿಂದ ಬರೆಯುವಾಗ ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದು ಮುಖ್ಯ.

ಕೊನೆಯದಾಗಿ, ಅ, ನಿರ್, ದುರ್, ಕು ಎಂಬ ಉಪಸರ್ಗಗಳನ್ನು ಸಂಸ್ಕೃತ ಪದಗಳಿಗೆ ಮಾತ್ರ ಸೇರಿಸಬೇಕು. ತಿಳಿವಳಿಕೆಯಂಥ ಅಚ್ಚಗನ್ನಡ ಪದಕ್ಕೆ ‘ಅ’ ಅಂಟುವುದಿಲ್ಲ. ಅಲ್ಲಿ ತಿಳಿಗೇಡಿತನ ಎಂಬ ಪದ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ.