ಗೃಹಭೇಟಿ ಪುಸ್ತಕದಿಂದ ಸಂಶೋಧನೆ ಆರಂಭಿಸುವುದು ಹೇಗೆ?

ಕಳೆದ ಆರು ತಿಂಗಳ ಗೃಹಭೇಟಿ ಪುಸ್ತಕವನ್ನು ತೆರೆದು, ನಿಮ್ಮನ್ನು ಮತ್ತೆ ಮತ್ತೆ ಸೋಲಿಸಿದ ಒಂದು ಸಂಗತಿಯನ್ನು ಗುರುತಿಸಿ. ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡುವವರಿಗೆ ಅಂಥ ಒಂದು ಸಂಗತಿ ಚೆನ್ನಾಗಿ ಗೊತ್ತು: ತೀವ್ರ ಅಪೌಷ್ಟಿಕತೆಯ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಅಂಥ ಮಕ್ಕಳನ್ನು ತಾಯಿಯೊಂದಿಗೆ ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರ) ಕಳುಹಿಸಲು ಚೀಟಿ ಬರೆದರೂ ತಾಯಿ ಅಲ್ಲಿಗೆ ಹೋಗುವುದಿಲ್ಲ, ಹೋದರೂ ಎರಡು ವಾರ ನಿಲ್ಲುವುದಿಲ್ಲ. ‘ಅಪೌಷ್ಟಿಕತೆ ಏಕೆ ಇದೆ?’ ಎಂಬ ದೊಡ್ಡ ಪ್ರಶ್ನೆಯನ್ನು ಬದಿಗಿಟ್ಟು, ‘ನನ್ನ ವ್ಯಾಪ್ತಿಯಲ್ಲಿ ಚೀಟಿ ಪಡೆದ ತಾಯಂದಿರು ಯಾವ ಹಂತದಲ್ಲಿ ಹಿಂದೆ ಸರಿಯುತ್ತಾರೆ?’ ಎಂದು ಕೇಳಿಕೊಂಡರೆ, ಉತ್ತರ ನಿಮ್ಮ ಕೈಗೆಟುಕುವಷ್ಟು ಹತ್ತಿರ ಬರುತ್ತದೆ.

ಆಮೇಲೆ ಓದಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮಧ್ಯತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೋಳು ಅಳೆಯುವ ಬಣ್ಣದ ಟೇಪಿನ ಕೆಂಪು ಭಾಗ ಸೂಚಿಸುವುದು ಇದನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿಗಳು ಸಿಗುತ್ತವೆ. ಆದರೆ ಜಿಲ್ಲೆಯ ಸರಾಸರಿಯು ನಿಮ್ಮ ಹಾಡಿಯ ಅಥವಾ ಕೇರಿಯ ಕಾರಣವನ್ನು ಹೇಳಲಾರದು. ಅದನ್ನು ಹುಡುಕಬೇಕಾದವರು ನೀವೇ.

ಹುಡುಕಲು ಹೋಲಿಕೆಯೊಂದು ಬೇಕು. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯದ ಎರಡು ಹಳ್ಳಿಗಳಲ್ಲಿದ್ದು, ನಾಲೆಯ ನೀರು ಬಂದ ಊರನ್ನೂ ಬಾರದ ಊರನ್ನೂ ಹೋಲಿಸಿ ನೋಡಿದರು. ನೀರು ಕಂಡ ಊರು ಬೇಸಾಯದಲ್ಲೇ ನಿಂತು ಹಳೆಯ ಸಂಬಂಧಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಒಣಭೂಮಿಯ ಊರಿನವರು ಹೊರಗಿನ ಉದ್ಯೋಗ, ವ್ಯಾಪಾರಗಳತ್ತ ಹೊರಳಿ ಹೆಚ್ಚು ಬದಲಾದರು. ಎರಡನ್ನೂ ನೋಡದಿದ್ದರೆ ಇದು ಕಾಣುತ್ತಿರಲಿಲ್ಲ. ನೀವೂ ತಾಯಂದಿರು ಕೇಂದ್ರದಲ್ಲಿ ನಿಂತ ಮನೆಗಳನ್ನು, ಹಿಂದೆ ಸರಿದ ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆದರೆ ಹೋಲಿಕೆಗಾಗಿ ಯಾವ ಮಗುವಿನ ಸೇವೆಯನ್ನೂ ತಡೆಯಬಾರದು: ಎರಡೂ ಪಾದಗಳ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಗುಳಿ ಉಳಿದರೆ ಮಗುವನ್ನು ಅಂದೇ ಆಸ್ಪತ್ರೆಗೆ ಕಳುಹಿಸಬೇಕು.

ದಾಖಲಿಸುವ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಎಡತೋಳನ್ನು ಸಡಿಲವಾಗಿ ಇಳಿಬಿಡಿಸಿ, ಭುಜ ಮತ್ತು ಮೊಣಕೈಗಳ ನಡುಬಿಂದುವಿನಲ್ಲಿ ಎರಡು ಬಾರಿ ಅಳೆಯಿರಿ. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಬರೆದುಕೊಳ್ಳುವ ಮುನ್ನ ಒಪ್ಪಿಗೆ ಕೇಳಿ. ಕಾರಣದ ಕಾಲಂನಲ್ಲಿ ‘ನಿರ್ಲಕ್ಷ್ಯ’ ಎಂದು ಎಂದಿಗೂ ಬರೆಯಬೇಡಿ. ಆ ಪದ ನಮ್ಮ ಅಸಹನೆಯನ್ನು ಹೇಳುತ್ತದೆಯೇ ಹೊರತು ಆ ತಾಯಿಯ ಸ್ಥಿತಿಯನ್ನಲ್ಲ. ‘ನಾಟಿ ಸಮಯ, ದೊಡ್ಡ ಹುಡುಗನನ್ನು ಯಾರು ನೋಡ್ಕತಾರೆ?’ ಎಂದು ಆಕೆ ಅಂದಿದ್ದರೆ ಅದನ್ನೇ ಬರೆಯಿರಿ, ಏಕೆಂದರೆ ಆ ಒಂದು ಸಾಲಿನಲ್ಲಿ ಕೂಲಿ, ಋತು, ಮನೆಯ ಆಸರೆ ಮೂರೂ ಇವೆ, ಮತ್ತು ಮೂರಕ್ಕೂ ಪರಿಹಾರ ಬೇರೆ ಬೇರೆ.

ನೀವು ನೋಡಿದ್ದು ಹನ್ನೆರಡೇ ಮನೆಗಳಾದರೆ ಶೇಕಡಾವಾರು ಬೇಡ. ‘ಹನ್ನೆರಡರಲ್ಲಿ ಏಳು’ ಎಂದರೆ ಸಾಕು.

ಈಗ ಕಾರ್ಯಕ್ರಮದಲ್ಲಿ ಒಂದನ್ನು ಮಾತ್ರ ಬದಲಿಸಿ. ಉದಾಹರಣೆಗೆ, ಚೀಟಿ ಕೊಡುವ ದಿನವೇ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿಕೊಂಡು ಉಳಿದ ಮಕ್ಕಳ ಜವಾಬ್ದಾರಿಯನ್ನು ಗೊತ್ತುಮಾಡಿ, ಬದಲಾವಣೆ ಆರಂಭವಾದ ದಿನಾಂಕವನ್ನು ಬರೆದಿಡಿ. ಫಲಿತಾಂಶ ಸುಧಾರಿಸಿದರೆ ಕೂಡಲೇ ನಂಬಬೇಡಿ. ನಾಟಿ ಮುಗಿದು ಬಿಡುವಾದದ್ದೇ ಕಾರಣವಾಗಿರಬಹುದು. ಆದ್ದರಿಂದ ಹಿಂದಿನ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸಿ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು (ಅಂಗನವಾಡಿಗಳ ಯೋಜನೆ) ಕರ್ನಾಟಕದಲ್ಲಿ ಮೊದಲು ಕಂಡ ತಿ. ನರಸೀಪುರದಂಥ ತಾಲ್ಲೂಕಿನಲ್ಲಿ ಹಳೆಯ ದಾಖಲಾತಿ ಪುಸ್ತಕಗಳು ಉಳಿದಿದ್ದರೆ, ಅವು ಈ ಕೆಲಸಕ್ಕೆ ಬಹಳ ಬೆಲೆಯುಳ್ಳವು.

ಕಂಡದ್ದನ್ನು ಒಂದೇ ಹಾಳೆಯಲ್ಲಿ ಬರೆದು, ಮೊದಲು ತಾಯಂದಿರ ಸಭೆಯಲ್ಲಿ ಓದಿ ಹೇಳಿ. ಅವರು ತಿದ್ದಿದ್ದನ್ನು ಅದೇ ಹಾಳೆಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸಿಕೊಂಡು, ಮೇಲ್ವಿಚಾರಕಿಯರ ಮಾಸಿಕ ಸಭೆಗೂ ಅದನ್ನೇ ಒಯ್ಯಿರಿ.