ಮನೆ ನೀರು ಒಂದು ಬಾಟ್ಲಿ ತಗೊಂಡ್ ಬನ್ನಿ ಅಂದಿದ್ದೆ: ಶಿಬಿರದಲ್ಲಿ ನೀರಿನ ಪ್ರಯೋಗ, ನನ್ನ ಅನುಭವ

ಹೋದ ಬೇಸಿಗೆ ರಜೆಯಲ್ಲಿ ಚಿತ್ರದುರ್ಗದಲ್ಲಿ ನಮ್ಮ ಬಡಾವಣೆ ಮಕ್ಕಳಿಗೆ ಎಂಟು ದಿನದ ಶಿಬಿರ ಮಾಡಿದ್ವಿ, ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರ ತನಕ, ಊಟ ಮನೆಯಿಂದ ಡಬ್ಬಿ. ಹಾಡು, ಚಿತ್ರ, ಆಟ ಎಲ್ಲ ಬೇರೆಯವರು ನೋಡ್ಕೊಂಡ್ರು, ಸೈನ್ಸ್ ನನಗೆ ಬಂತು. ಮೂರನೇ ಕ್ಲಾಸಿಂದ ಏಳನೇ ಕ್ಲಾಸ್ ತನಕ 26 ಮಕ್ಕಳು, ಲ್ಯಾಬ್ ಇಲ್ಲ, ಒಂದು ಶೀಟಿನ ಶೆಡ್ಡು, ಎರಡು ಡ್ರಮ್ ನೀರು. ಹಂಗಾಗಿ ನೀರನ್ನೇ ಹಿಡ್ಕೊಂಡೆ.

ಮೊದಲ ದಿನ ಸುಲಭದ್ದು. ಒಂದು ರೂಪಾಯಿ ನಾಣ್ಯದ ಮೇಲೆ ಡ್ರಾಪರ್‌ನಲ್ಲಿ ಎಷ್ಟು ಹನಿ ನಿಲ್ಲುತ್ತೆ ಹೇಳಿ ಅಂದೆ, ಎಲ್ಲರೂ ಐದು, ಆರು, ಹತ್ತು ಅಂದ್ರು, ಮೂವತ್ತು ದಾಟಿದಾಗ ಶೆಡ್ ಪೂರ್ತಿ ಸೈಲೆಂಟು. ನೀರು ನಾಣ್ಯದ ಮೇಲೆ ಗುಮ್ಮಟದ ಥರ ಉಬ್ಬಿ ನಿಂತಿರುತ್ತಲ್ಲ, ಅದನ್ನ ಪಕ್ಕದಿಂದ, ಕಣ್ಣು ಬೆಂಚಿನ ಮಟ್ಟಕ್ಕೆ ತಂದು ನೋಡೋಕೆ ಹೇಳಬೇಕು, ಮೇಲಿಂದ ನೋಡಿದ್ರೆ ಏನೂ ಕಾಣಲ್ಲ. ಆಮೇಲೆ ಸೋಪು ಮುಟ್ಟಿಸಿದ ಕಡ್ಡಿ ತಾಗಿಸಿದ್ರೆ ಗುಮ್ಮಟ ಒಡೆದು ಹರಿದುಹೋಗುತ್ತೆ.

ನಾನು ಹೇಳಬೇಕಂತಿರೋದು ಎರಡನೇ ದಿನದ್ದು. ನಿಮ್ಮ ಮನೇಲಿ ಬಳಸೋ ನೀರು ಒಂದು ಬಾಟ್ಲಿ ತಗೊಂಡ್ ಬನ್ನಿ, ಎಲ್ಲಿಂದ ಬರುತ್ತೆ ಅಂತ ಮನೇಲಿ ಕೇಳ್ಕೊಂಡ್ ಬನ್ನಿ ಅಂದಿದ್ದೆ. ಬಂದವು ನೋಡಿ, ಥರಾವರಿ. ಬೋರ್ ನೀರು, ನಲ್ಲಿ ನೀರು, ಕಾಯಿನ್ ಹಾಕಿ ಹಿಡಿಯೋ ಶುದ್ಧ ನೀರಿನ ಘಟಕದ್ದು, ಟ್ಯಾಂಕರ್‌ದು. ಒಬ್ಬ ಹುಡುಗ ಅವರಪ್ಪನ ಅಂಗಡಿಯ ಎಸಿ ಪೈಪಿಂದ ಹನಿಯೋ ನೀರು ಹಿಡ್ಕೊಂಡು ಬಂದಿದ್ದ. ನಲ್ಲಿ ನೀರು ವಾಣಿವಿಲಾಸ ಸಾಗರದ್ದು ಅಂತ ಯಾರೋ ಅಂದಿದ್ದೇ ತಡ, 2022ರಲ್ಲಿ ಡ್ಯಾಂ ಕೋಡಿ ಬಿದ್ದಾಗ ನೋಡೋಕೆ ಹೋಗಿದ್ದವರೆಲ್ಲ ಶುರು ಹಚ್ಕೊಂಡ್ರು. 1933 ಆದ ಮೇಲೆ 89 ವರ್ಷಕ್ಕೆ ಬಿದ್ದ ಕೋಡಿ ಅದು, ನಿಮ್ಮ ಅಜ್ಜಿಯರೂ ಅದಕ್ಕೆ ಮುಂಚೆ ನೋಡಿರಲ್ಲ ಅಂದೆ.

ಪ್ರಯೋಗ ಏನಂದ್ರೆ ನೊರೆ ಲೆಕ್ಕ, ಯಾವ ನೀರು ಎಷ್ಟು ಗಡಸು, ಅಂದ್ರೆ ಅದ್ರಲ್ಲಿ ಕ್ಯಾಲ್ಸಿಯಂ ಥರದ್ದು ಎಷ್ಟು ಕರಗಿದೆ ಅಂತ ನೋಡೋದು. ಒಂದೇ ಸೈಜಿನ ಬಾಟ್ಲಿಗಳಿಗೆ ಐವತ್ತು ಎಂಎಲ್ ನೀರು ಹಾಕಿ, ಸೋಪಿನ ದ್ರಾವಣ ಹನಿ ಹನಿ ಬಿಡ್ತಾ ಪ್ರತಿ ಸಲ ಮುಚ್ಚಳ ಹಾಕಿ ಹತ್ತು ಎಣಿಸೋ ತನಕ ಕುಲುಕೋದು, ಬೆರಳಗಲ ನೊರೆ ಬಂದು ನಿಲ್ಲೋಕೆ ಎಷ್ಟು ಹನಿ ಬೇಕಾಯ್ತು ಅಂತ ಬರ್ಕೊಳೋದು. ಇಲ್ಲಿ ನಾನೊಂದು ತಪ್ಪು ಮಾಡ್ದೆ. ಕೈಗೆ ಸಿಕ್ತು ಅಂತ ಪಾತ್ರೆ ತೊಳೆಯೋ ಲಿಕ್ವಿಡ್ ಬಳಸಿದೆ, ಎಲ್ಲ ನೀರಲ್ಲೂ ಮೂರೇ ಹನಿಗೆ ಧಾರಾಳ ನೊರೆ, ವ್ಯತ್ಯಾಸಾನೇ ಇಲ್ಲ. ಡಿಟರ್ಜೆಂಟು ಮಾಡೋದೇ ಗಡಸು ನೀರಲ್ಲೂ ನೊರೆ ಬರೋ ಹಂಗೆ, ನನಗದು ಗೊತ್ತಿದ್ದೂ ಅವತ್ತು ಹೊಳೀಲಿಲ್ಲ. ಮಾರನೇ ದಿನ ಬಟ್ಟೆ ಒಗೆಯೋ ಹಳೇ ಥರದ ಬಾರ್ ಸೋಪು ತುರಿದು, ಘಟಕದ ನೀರು ಬಿಸಿ ಮಾಡಿ ಅದ್ರಲ್ಲಿ ಕರಗಿಸಿದೆ. ಈಗ ಬಂತು ಲೆಕ್ಕ. ಘಟಕದ ನೀರಿಗೆ ನಾಲ್ಕು ಹನಿ, ಎಸಿ ನೀರಿಗೆ ಮೂರು, ನಲ್ಲಿ ನೀರಿಗೆ ಹದಿನೈದರ ಆಸುಪಾಸು, ಒಂದು ಬೋರ್ ನೀರಿಗೆ ನಲವತ್ಮೂರು! ಅದ್ರಲ್ಲಿ ನೊರೆಗಿಂತ ಮುಂಚೆ ಹಾಲು ಒಡೆದಂಗೆ ಬಿಳಿ ಬಿಳಿ ತೇಲ್ತಿತ್ತು.

ಆ ನಲವತ್ಮೂರರ ಬಾಟ್ಲಿ ಐದನೇ ಕ್ಲಾಸಿನ ಒಂದು ಹುಡುಗೀದು. ಹುಡುಗರು 'ಅಯ್ಯೋ ಇವರ ಮನೆ ನೀರು ಗಲೀಜು' ಅಂತ ಕೂಗಿದ್ರು, ಆ ಮಗು ಬಾಟ್ಲಿ ತಗೊಂಡು ಹಿಂದೆ ಬಚ್ಚಿಟ್ಕೊಂಡ್ತು. ನನಗೆ ಕರುಳು ಚುರುಕ್ ಅಂತು. ಮನೆ ನೀರು ತರಿಸೋದು ಅಂದ್ರೆ ಮನೆ ಪರಿಸ್ಥಿತೀನ ಎಲ್ಲರ ಮುಂದೆ ಇಟ್ಟಂಗೆ ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಈಗ ಮಾಡಿದ್ರೆ ಬಾಟ್ಲಿ ಮೇಲೆ ಹೆಸರು ಬರೆಸಲ್ಲ, ನಂಬರ್ ಅಷ್ಟೇ. ಅವತ್ತು ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ದೆ, ಗಲೀಜಲ್ಲ ಕಣಪ್ಪ ಅದು, ಭೂಮಿ ಒಳಗೆ ಕಲ್ಲಿನ ಸಂದಿಯಲ್ಲಿ ನಿಂತೂ ನಿಂತೂ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸ್ಕೊಂಡು ಬಂದ ನೀರು, ಆ ಕ್ಯಾಲ್ಸಿಯಂ ಮೊದಲು ಸೋಪನ್ನ ಹಿಡ್ಕೊಳುತ್ತೆ, ಅದು ಮುಗಿದ ಮೇಲೇ ನೊರೆ. ಆಗ ಅವಳು ಮೆಲ್ಲಗೆ, 'ಮಿಸ್, ಅದಕ್ಕೇನಾ ನಮ್ಮಮ್ಮ ಸೋಪು ಬೇಗ ಖರ್ಚಾಗುತ್ತೆ ಅಂತ ಬೈಯೋದು' ಅಂದ್ಲು. ನಾನು ವಿವರಿಸಿದ್ದಕ್ಕಿಂತ ಅವಳು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ಲು. ಮಾರನೇ ದಿನ ಅವಳೇ ಬಿಸಿನೀರಿನ ಹಂಡೆಯಿಂದ ಕೆರೆದ ಬಿಳಿ ಚಕ್ಕೆ ತಂದ್ಲು, ಅದ್ರ ಮೇಲೆ ನಿಂಬೆರಸ ಬಿಟ್ರೆ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಕೂಗಿದ್ದ ಹುಡುಗರೇ ಮುಗಿಬಿದ್ದು ನೋಡಿದ್ರು.

ಒಂದು ಮಾತು ಮಾತ್ರ ಮಕ್ಕಳಿಗೂ ಪೋಷಕರಿಗೂ ಒತ್ತಿ ಹೇಳ್ದೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಇದೆ, ಅದಕ್ಕೆ ಬಣ್ಣ ಇಲ್ಲ ರುಚಿ ಇಲ್ಲ, ಸೋಪಿನ ಪರೀಕ್ಷೆಗೂ ಅದು ಸಿಗಲ್ಲ, ನೀರಲ್ಲಿ ಒಟ್ಟು ಎಷ್ಟು ಕರಗಿದೆ ಅಂತಷ್ಟೇ ತೋರಿಸೋ ಟಿಡಿಎಸ್ ಪೆನ್ನಿಗೂ ಸಿಗಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ, ಅದು ಗೊತ್ತಾಗಬೇಕಂದ್ರೆ ಲ್ಯಾಬಿಗೇ ಕೊಡಬೇಕು.

ಫಿಲ್ಟರ್ ಎಲ್ಲ ಶಿಬಿರದಲ್ಲೂ ಮಾಡಿಸ್ತಾರೆ, ಬಾಟ್ಲಿ ಕತ್ತರಿಸಿ ತಲೆಕೆಳಗೆ ಮಾಡಿ ಹತ್ತಿ, ಇದ್ದಿಲು, ಮರಳು, ಜಲ್ಲಿ ತುಂಬೋದು. ಮರಳು ಇದ್ದಿಲು ಎರಡನ್ನೂ ನಾಲ್ಕೈದು ಸಲ ತೊಳೀಲೇಬೇಕು, ಇಲ್ಲಾಂದ್ರೆ ಹಾಕಿದ್ದಕ್ಕಿಂತ ಕಪ್ಪಾಗಿ ನೀರು ಕೆಳಗೆ ಬರುತ್ತೆ, ನಮ್ಮ ಎರಡು ಗುಂಪಿಗೆ ಹಂಗೇ ಆಯ್ತು. ಸರಿಯಾಗಿ ಬಂದ ಗುಂಪಲ್ಲಿ ಒಬ್ಬ ಸೀದಾ ಲೋಟ ಎತ್ತಿ ಕುಡಿಯೋಕೆ ಹೋದ, ಕೈ ಹಿಡಿದು ನಿಲ್ಲಿಸಿದೆ. ತಿಳಿ ಆದ ನೀರೆಲ್ಲ ಕುಡಿಯೋ ನೀರಲ್ಲ ಅಂತ ಬಾಯಲ್ಲಿ ಹೇಳಿದ್ರೆ ಮಕ್ಕಳ ತಲೆಗೆ ಹೋಗಲ್ಲ, ಅದಕ್ಕೆ ನಲವತ್ಮೂರರ ಬೋರ್ ನೀರನ್ನೇ ಅದೇ ಫಿಲ್ಟರ್‌ಗೆ ಹಾಕಿಸಿ ಮತ್ತೆ ಹನಿ ಎಣಿಸಿದ್ವಿ, ನಲವತ್ತೊಂದು. ಕರಗಿರೋದನ್ನ ಮರಳು ಹಿಡಿಯಲ್ಲ, ಹಂಗೇ ಕಣ್ಣಿಗೆ ಕಾಣದ ಕ್ರಿಮಿಗಳೂ ದಾಟಿಬರ್ತವೆ ಅಂದಾಗ ಅವನೇ ಬೇರೆಯವರಿಗೆ ಹೇಳೋಕೆ ಶುರು ಮಾಡ್ದ.

ಕೊನೇ ಎರಡು ದಿನ ಕೋಟೆ. ನಮ್ಮೂರ ಕೋಟೇಲಿ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ ಅಂತ ಮಳೆನೀರು ಒಂದರಿಂದ ಒಂದಕ್ಕೆ ಇಳಿಯೋ ಏರ್ಪಾಡು ಇದೆ. ಬೆಳಗ್ಗೆ ಏಳಕ್ಕೇ ಹತ್ತಿಸಿ ತೋರಿಸಿದ್ವಿ, ಹೊಂಡದ ಅಂಚಿಗೆ ಬಿಡಲಿಲ್ಲ, ನಾಲ್ಕು ಜನ ದೊಡ್ಡವರು ಕಾವಲು. ಮಾರನೇ ದಿನ ಇಟ್ಟಿಗೆ ಮೆಟ್ಟಿಲ ಮೇಲೆ ನಾಲ್ಕು ಐಸ್‌ಕ್ರೀಮ್ ಡಬ್ಬ ಜೋಡಿಸಿ, ಅಂಚಿಗೆ ತೂತು ಕೊರೆದು ಪೈಪ್ ಸಿಕ್ಕಿಸಿ, ಮೇಲಿಂದ ಕೆಮ್ಮಣ್ಣು ಕದಡಿದ ನೀರು ನಿಧಾನಕ್ಕೆ ಹುಯ್ದ್ರು. ಮೊದಲ ಡಬ್ಬದ ತಳದಲ್ಲಿ ಮಣ್ಣು ದಪ್ಪಗೆ ಕೂತಿತ್ತು, ನಾಲ್ಕನೇದ್ರಲ್ಲಿ ನೀರು ಎಷ್ಟೋ ತಿಳಿ. ಜೋರಾಗಿ ಹುಯ್ದ್ರೆ ಮಾತ್ರ ನಾಲ್ಕೂ ಕೆಂಪು, ಮಣ್ಣು ಕೂರೋಕೆ ಟೈಮೇ ಸಿಗಲ್ಲ. ಉಳಿದ ನೀರೆಲ್ಲ ಗಿಡಕ್ಕೆ ಹೋಯ್ತು.

ಶಿಬಿರ ಮುಗಿದಾಗ ಕೇಳಿದವರಿಗೆಲ್ಲ ಸೋಪಿನ ದ್ರಾವಣ ಸಣ್ಣ ಬಾಟ್ಲಿಯಲ್ಲಿ ಹಾಕಿ ಕೊಟ್ಟೆ. ಜೂನ್‌ನಲ್ಲಿ ಒಂದು ಸಂಜೆ ಆ ಹುಡುಗಿ ಅಮ್ಮನ ಫೋನಿಂದ ಕಾಲ್ ಮಾಡಿದ್ಲು, 'ಮಿಸ್, ಮಳೆ ನೀರು ಹಿಡಿದಿದೀನಿ, ಸೋಪಿನ ನೀರು ಗಟ್ಟಿಯಾಗಿ ಡ್ರಾಪರ್‌ಗೆ ಬರ್ತಾನೇ ಇಲ್ಲ'. ಇಟ್ರೆ ಹಂಗೆ ಹೆಪ್ಪುಗಟ್ಟುತ್ತೆ, ಬಾಟ್ಲೀನ ಬಿಸಿನೀರಲ್ಲಿ ಐದು ನಿಮಿಷ ಇಡು, ಅಮ್ಮನ ಹತ್ರ ಇಡಿಸು ಅಂದೆ. ಅರ್ಧ ಗಂಟೆಗೆ ಮೆಸೇಜು: ಮೂರು ಹನಿ.