ಬಂದು ಹೋಗುವ ನೆರೆ, ಬಂದು ಕೂರುವ ನೆರೆ: ಭತ್ತಕ್ಕೆ ಒಂದು ಜೀನ್ ಸೇರಿಸಿದ ನನ್ನ ಅನುಭವ

ಭತ್ತದ ತಳಿ ಅಭಿವೃದ್ಧಿ ನನ್ನ ಕೆಲಸ. ಆಯಾ ಹವಾಮಾನಕ್ಕೆ ಹೊಂದುವ ತಳಿ ಹೇಗೆ ಮಾಡುತ್ತೀರಿ ಅಂತ ಕೇಳುವವರು ಜಾಸ್ತಿ. ಲ್ಯಾಬಿನಲ್ಲಿ ಒಂದು ಜೀನ್ ಹುಡುಕಿ ಭತ್ತಕ್ಕೆ ಸೇರಿಸಿದರೆ ಮುಗಿಯಿತು ಅಂತ ಹಲವರು ಅಂದುಕೊಂಡಿರುತ್ತಾರೆ. ಗೊತ್ತಿರುವ ಜೀನ್ ಸೇರಿಸುವುದು ಈಗ ಅಂಥ ಕಷ್ಟದ ಕೆಲಸವೇನಲ್ಲ. ಒಂದು ಗದ್ದೆಯಲ್ಲಿ ನೀರು ಯಾವ ವಾರ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಆಗ ಪೈರು ಯಾವ ಹಂತದಲ್ಲಿರುತ್ತದೆ ಅಂತ ತಿಳಿದುಕೊಳ್ಳುವುದೇ ಕಷ್ಟ. ಜಯ ತಳಿಗೆ ನೆರೆ ತಡೆಯುವ ಜೀನ್ ಸೇರಿಸುವ ಕೆಲಸದಲ್ಲಿ ಇದು ನನಗೆ ಚೆನ್ನಾಗಿ ಮನವರಿಕೆಯಾಯಿತು.

ಜಯ 1968ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ. ತೈವಾನಿನ ಟಿಎನ್-1 ಮತ್ತು ಒಡಿಶಾದ ಟಿ-141 ತಳಿಗಳನ್ನು ಸೇರಿಸಿ ಮಾಡಿದ್ದು. ದಪ್ಪ ಕಾಳು, ಒಳ್ಳೆ ಇಳುವರಿ. ನಮ್ಮ ಕಡೆಯ ರೈತರಿಗೆ ಇದು ಕೈಗೆ ಒಗ್ಗಿದ ತಳಿ. ಆದರೆ ವರದಾ ನದಿಯ ದಂಡೆಯಲ್ಲಿ ಜುಲೈ-ಆಗಸ್ಟ್ ಬಂತೆಂದರೆ ನಾಟಿ ಮಾಡಿದ ಗದ್ದೆ ನೀರಿನಡಿ ಹೋಗುತ್ತದೆ. ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟುವ ಈ ಹೊಳೆ ಸೊರಬ, ಬನವಾಸಿ ಸೀಮೆಯ ತಗ್ಗು ಗದ್ದೆಗಳನ್ನು ತುಂಬಿಸಿಕೊಂಡೇ ಮುಂದೆ ಹೋಗುವುದು. ಹೊಸದಾಗಿ ನಾಟಿ ಮಾಡಿದ ಜಯ ಒಂದು ವಾರಕ್ಕಿಂತ ಹೆಚ್ಚು ಮುಳುಗಿದರೆ ಉಳಿಯುವುದು ಕಷ್ಟ.

ಭತ್ತ ನೀರಿನ ಬೆಳೆಯಲ್ವಾ, ನೀರಲ್ಲಿ ಯಾಕೆ ಸಾಯುತ್ತದೆ? ಬುಡ ನೀರಿನಲ್ಲಿದ್ದರೆ ಭತ್ತಕ್ಕೆ ಏನೂ ತೊಂದರೆಯಿಲ್ಲ. ಎಲೆಯ ತುದಿಯೂ ಮುಳುಗಿದಾಗ ಕಥೆ ಬೇರೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅನಿಲಗಳು ಸುಮಾರು 10 ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಗಿಡದೊಳಗೆ ಹುಟ್ಟುವ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಹೊರಗೆ ಹೋಗಲಾಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಮುಳುಗಿದ್ದೇನೆ ಅಂತ ಗಿಡಕ್ಕೆ ತಿಳಿಯುವುದೇ ಇದರಿಂದ. ಕೂಡಲೇ ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನಿನ ಕೆಲಸ ಜೋರಾಗುತ್ತದೆ, ಗಿಡ ಮೇಲಕ್ಕೆ ಚಾಚಲು ಶುರು ಮಾಡುತ್ತದೆ. ಕೂಡಿಟ್ಟ ಸಕ್ಕರೆ, ಪಿಷ್ಟ ಎಲ್ಲ ಅದಕ್ಕೇ ಖರ್ಚು. ಅಷ್ಟರಲ್ಲಿ ತುದಿ ನೀರಿನಿಂದ ಹೊರಗೆ ಬಂದರೆ ಬದುಕಿತು. ಬರದಿದ್ದರೆ, ನೀರು ಇಳಿದ ಮೇಲೆ ತೆಳ್ಳಗೆ ಉದ್ದವಾದ ಎಲೆಗಳು ಮಣ್ಣಿಗೆ ಅಂಟಿಕೊಂಡು ಮಲಗುತ್ತವೆ, ಕೊಳೆಯುತ್ತವೆ.

ಒಡಿಶಾದ ಒಂದು ನಾಟಿ ಭತ್ತ ಇದಕ್ಕೆ ಬೇರೆ ದಾರಿ ಕಂಡುಕೊಂಡಿತ್ತು. ಅದರಿಂದ ಆರಿಸಿದ ತಳಿಯೇ ಎಫ್‌ಆರ್ 13ಎ. ಅದು ನೀರಿನಡಿಯಲ್ಲಿ ಉಸಿರು ಬಿಗಿಹಿಡಿದು ಕೂತ ಈಜುಗಾರನ ಹಾಗೆ. ಬೆಳೆಯುವುದಿಲ್ಲ, ಇದ್ದದ್ದನ್ನು ಖರ್ಚು ಮಾಡುವುದಿಲ್ಲ. ಎರಡು ವಾರ ಕಳೆದು ನೀರು ಇಳಿದರೆ ಕೂಡಿಟ್ಟ ಸಕ್ಕರೆಯಿಂದ ಮತ್ತೆ ಚಿಗುರುತ್ತದೆ. ಆದರೆ ಅದು ಎತ್ತರದ, ಕಡಿಮೆ ಇಳುವರಿಯ ತಳಿ. ಹಿಂದೆ ಅದನ್ನು ಬಳಸಿ ಸಂಕರ ಮಾಡಿದಾಗ ನೆರೆ ತಡೆಯುವ ಗುಣದ ಜೊತೆ ಬೇಡದ ಗುಣಗಳೂ ಬಂದವು. ರೈತರು ಅಂಥ ತಳಿಗಳನ್ನು ಒಪ್ಪಲಿಲ್ಲ. 1996ರಲ್ಲಿ ಕೆನಾಂಗ್ ಶು ಮತ್ತು ಡೇವಿಡ್ ಮೆಕಿಲ್ ಎಂಬ ವಿಜ್ಞಾನಿಗಳು ಈ ಗುಣ 9ನೇ ಕ್ರೋಮೋಸೋಮಿನ ಒಂದು ಜಾಗದಲ್ಲಿದೆ ಅಂತ ಗುರುತಿಸಿದರು. ಆ ಜಾಗಕ್ಕೆ ಸಬ್-1 ಅಂತ ಹೆಸರಾಯಿತು. ಅಲ್ಲಿರುವ ಸಬ್-1ಎ ಎಂಬ ಜೀನೇ ಮುಖ್ಯ ಅಂತ 2006ರಲ್ಲಿ ಗೊತ್ತಾಯಿತು. ಮೆಕಿಲ್, ಪಮೇಲಾ ರೊನಾಲ್ಡ್ ಮತ್ತು ಅವರ ಜೊತೆಗಾರರ ಕೆಲಸ ಅದು. ಎಥಿಲೀನ್ ಬಂದರೂ ಜಿಬ್ಬರೆಲಿನ್ನಿನ ಕೆಲಸಕ್ಕೆ ತಡೆ ಹಾಕುವುದು ಈ ಜೀನ್. ಅದನ್ನು ಸ್ವರ್ಣ ತಳಿಗೆ ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಜಯಕ್ಕೆ ನಾನು ಜೀನ್ ತಂದದ್ದು ಈ ಸ್ವರ್ಣ-ಸಬ್1ನಿಂದ.

ಇದು ಕುಲಾಂತರಿ ಕೆಲಸವಲ್ಲ. ಭತ್ತಕ್ಕೆ ಭತ್ತವನ್ನೇ ಕೂಡಿಸುವುದು. ಕೈಕೆಲಸ ಬಹಳ. ಭತ್ತದ ಒಂದೊಂದು ಹೂವಿನಲ್ಲೂ ಗಂಡು-ಹೆಣ್ಣು ಎರಡೂ ಇರುತ್ತವೆ, ತನ್ನ ಪರಾಗ ತನಗೇ ಬೀಳುತ್ತದೆ. ಅದನ್ನು ತಪ್ಪಿಸಬೇಕು. ಸಂಜೆ ಹೊತ್ತಿಗೆ ಜಯದ ಒಂದು ತೆನೆ ಆರಿಸುತ್ತೇನೆ, ಅರ್ಧ ಹೊರಗೆ ಬಂದದ್ದು. ತುದಿಯಲ್ಲಿ ಆಗಲೇ ಅರಳಿದ ಹೂಗಳನ್ನೂ ಬುಡದ ತೀರಾ ಎಳೆಯವನ್ನೂ ತೆಗೆದು ಹಾಕುತ್ತೇನೆ. ಉಳಿದ ಒಂದೊಂದು ಹೂವಿನ ಮೇಲಿನ ಮೂರನೇ ಒಂದು ಭಾಗ ಓರೆಯಾಗಿ ಕತ್ತರಿಸಿ, ಚಿಮುಟದಿಂದ ಆರು ಕೇಸರಗಳನ್ನೂ ತೆಗೆಯಬೇಕು. ಆರರಲ್ಲಿ ಒಂದು ಉಳಿದರೂ ಆ ಹೂವು ಲೆಕ್ಕಕ್ಕಿಲ್ಲ. ಒಳಗೆ ಎರಡು ಪುಟ್ಟ ಗರಿಗಳ ಹಾಗೆ ಕಾಣುವ, ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಚಿಮುಟ ತಾಗಬಾರದು. ಮುಗಿದ ಮೇಲೆ ಬಟರ್ ಪೇಪರ್ ಚೀಲ ಮುಚ್ಚಿ ಪಿನ್ ಹಾಕುತ್ತೇನೆ. ಮಾರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಸ್ವರ್ಣ-ಸಬ್1ನ ತೆನೆ ಅರಳುತ್ತದೆ. ಅದನ್ನು ತಂದು ಚೀಲದ ಬಾಯಿ ತೆಗೆದು ಮೆಲ್ಲಗೆ ಕೊಡವಿದರೆ ಹಳದಿ ಹುಡಿ ಬೀಳುತ್ತದೆ. ಕಾಳು ಕಟ್ಟಿತೋ ಇಲ್ಲವೋ ಅಂತ ಒಂದು ವಾರದೊಳಗೆ ಕಾಣುತ್ತದೆ. ಕತ್ತರಿಸಿದ ಸಿಪ್ಪೆಯಿಂದ ಅಕ್ಕಿಯ ತುದಿ ಹೊರಗೆ ಇಣುಕುತ್ತಿದ್ದರೆ ಅದು ನಾವು ಕೂಡಿಸಿದ ಬೀಜ.

ಮೊದಲ ಪೀಳಿಗೆಯಲ್ಲಿ ಅರ್ಧ ಜಯ, ಅರ್ಧ ಸ್ವರ್ಣ-ಸಬ್1. ನಮಗೆ ಬೇಕಾದದ್ದು ಒಂದು ಜೀನ್ ಬಿಟ್ಟರೆ ಉಳಿದೆಲ್ಲ ಜಯ. ಆದ್ದರಿಂದ ಮತ್ತೆ ಮತ್ತೆ ಜಯದ ಜೊತೆಗೇ ಕೂಡಿಸಬೇಕು, ಇದಕ್ಕೆ ಬ್ಯಾಕ್‌ಕ್ರಾಸ್ ಅನ್ನುತ್ತೇವೆ. ಸರಾಸರಿಯಲ್ಲಿ ಜಯದ ಪಾಲು ಶೇ 75, ಆಮೇಲೆ 87.5, ಆಮೇಲೆ 93.75 ಆಗುತ್ತಾ ಹೋಗುತ್ತದೆ. ಇದು ಸರಾಸರಿ ಮಾತ್ರ. ಒಂದೇ ಪೀಳಿಗೆಯ ಎರಡು ಸಸಿಗಳ ಮಧ್ಯೆ ಬಹಳ ವ್ಯತ್ಯಾಸ ಇರುತ್ತದೆ. ಪ್ರತಿ ಸಲವೂ ಅರ್ಧದಷ್ಟು ಸಸಿಗಳಲ್ಲಿ ಮಾತ್ರ ಸಬ್-1 ಇರುತ್ತದೆ. ಯಾವುದರಲ್ಲಿ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹಿಂದಿನವರು ಇದನ್ನು ತಿಳಿಯಲು ನೀರಲ್ಲಿ ಮುಳುಗಿಸಿ ನೋಡಬೇಕಿತ್ತು. ನಾವು ಸಸಿಮಡಿಯಲ್ಲಿರುವಾಗಲೇ ಎಲೆಯ ಚೂರು ಕಿತ್ತು ಡಿಎನ್‌ಎ ತೆಗೆದು, ಪಿಸಿಆರ್ ಮಾಡಿ ಬೇಕಾದ ತುಂಡಿನ ಪ್ರತಿಗಳನ್ನು ಹೆಚ್ಚಿಸಿ, ಗಾತ್ರ ನೋಡಲು ಜೆಲ್ ಮೇಲೆ ಓಡಿಸುತ್ತೇವೆ. ಆ ಜಾಗಕ್ಕೆ ಎಆರ್‌ಟಿ5, ಎಸ್‌ಸಿ3 ಎಂಬ ಮಾರ್ಕರ್‌ಗಳಿವೆ, ಅಂದರೆ ಡಿಎನ್‌ಎಯಲ್ಲಿ ಗುರುತು ಹಿಡಿಯುವ ಜಾಗಗಳು. ಜೀನ್ ಇರುವ ಸಸಿ ಮಾತ್ರ ಗದ್ದೆಗೆ ಹೋಗುತ್ತದೆ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇನ್ನೊಂದು ಆಯ್ಕೆ. ಜೀನ್ ಒಂಟಿಯಾಗಿ ಬರುವುದಿಲ್ಲ, ಅಕ್ಕಪಕ್ಕದ ತುಂಡನ್ನೂ ಎಳೆದು ತರುತ್ತದೆ. ಆ ತುಂಡಿನಲ್ಲಿ ಕಾಳಿನ ಆಕಾರಕ್ಕೋ ಹೂ ಬಿಡುವ ಹೊತ್ತಿಗೋ ಸಂಬಂಧಪಟ್ಟದ್ದು ಏನಿರುತ್ತದೋ ಯಾರು ಕಂಡರು? ಸಬ್-1ರ ಎರಡೂ ಬದಿಯಲ್ಲಿ ಹೊರಗಿನ ಡಿಎನ್‌ಎ ಹತ್ತಿರದಲ್ಲೇ ಮುಗಿದು, ಆಚೆಗೆ ಜಯದ್ದೇ ಇರುವ ಸಸಿ ಸಿಗುವ ತನಕ ಹುಡುಕಬೇಕು. ಬೇಸರ ತರಿಸುವ ಕೆಲಸ. ಆದರೆ ಇಲ್ಲಿ ಅವಸರ ಮಾಡಿದರೆ ಕೊನೆಗೆ ರೈತ "ಇದು ಜಯ ಅಲ್ಲ" ಅಂತ ಒಂದೇ ನೋಟಕ್ಕೆ ಹೇಳಿಬಿಡುತ್ತಾನೆ.

ಮೂರನೇ ಬ್ಯಾಕ್‌ಕ್ರಾಸ್ ಆದ ಮೇಲೆ ಗಿಡವನ್ನು ತನ್ನಷ್ಟಕ್ಕೆ ಬೀಜ ಕಟ್ಟಲು ಬಿಟ್ಟೆ. ಆ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಸಸಿಗೆ ಜೀನಿನ ಎರಡೂ ಪ್ರತಿ ಇರುತ್ತದೆ. ಅವೇ ತಳಿಗೆ ಮೂಲ.

ತೊಟ್ಟಿಯ ಪರೀಕ್ಷೆ ಸರಳ. 14 ದಿನದ ಸಸಿಗಳನ್ನು ಪೂರ್ತಿ ಮುಳುಗಿಸಿ 14 ದಿನ ಬಿಡುವುದು, ನೀರು ಇಳಿಸಿ ಮತ್ತೆ ಎರಡು ವಾರ ಕಾದು ಬದುಕಿದವನ್ನು ಎಣಿಸುವುದು. ಪಕ್ಕದಲ್ಲಿ ಹೋಲಿಕೆಗೆ ಎಫ್‌ಆರ್ 13ಎ ಇರಬೇಕು, ಬೇಗ ಸಾಯುವ ಐಆರ್ 42 ಕೂಡ ಇರಬೇಕು. ನೀರು ಇಳಿಸಿದ ದಿನ ಮೂಲ ಜಯ ಉದ್ದುದ್ದ ಬಿಳಿಚಿಕೊಂಡು ಮಲಗಿತ್ತು. ಸಬ್-1 ಸೇರಿದ ಸಾಲು ನೋಡಲು ಏನೂ ಚೆಂದ ಇರಲಿಲ್ಲ. ಕುಳ್ಳಗೆ, ಅರ್ಧ ಹಳದಿ, ಎಲೆಗಳ ತುದಿ ಕಂದು. ಕೆಲವು ದಿನಗಳಲ್ಲಿ ಅದರ ಸುಳಿಯಿಂದ ಹಸಿರು ಎಲೆ ಬಂತು. ಆಮೇಲೆ ಬುಡದಿಂದ ಹೊಸ ತೆಂಡೆ (ಕವಲು) ಒಡೆಯಿತು. ಆ ಸುಳಿ ನೋಡಿದಾಗ ಆದ ಖುಷಿ ಈಗಲೂ ಹಾಗೇ ಇದೆ.

ವರದಾ ದಂಡೆಯ ಹಿರಿಯ ರೈತರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಯಾವ ನೆರೆಗೆ ಮೇಡಂ ಇದು? ಬಂದು ಹೋಗೋ ನೆರೆಗೋ, ಬಂದು ಕೂರೋ ನೆರೆಗೋ?" ಅವರ ಮೇಲಿನ ಗದ್ದೆಯಲ್ಲಿ ನೀರು ಏರಿ ಎಂಟು-ಹತ್ತು ದಿನಕ್ಕೆ ಇಳಿಯುತ್ತಿತ್ತು. ಕೆಳಗಿನ ಗದ್ದೆಯಲ್ಲಿ ಸೊಂಟದ ತನಕ ನೀರು ತಿಂಗಳಾದರೂ ಕದಲುತ್ತಿರಲಿಲ್ಲ.

ಮೇಲಿನ ಗದ್ದೆಗೆ ಸಬ್-1 ಸರಿಯಾದ ಉತ್ತರ. ಕೆಳಗಿನದಕ್ಕೆ ಅಲ್ಲ. ನೀರು ಇಳಿಯುವುದೇ ಇಲ್ಲ ಅಂದಮೇಲೆ ಸುಮ್ನೆ ಕುಳಿತು ಕಾಯುವ ಗಿಡಕ್ಕೆ ಕೊನೆಗೆ ಕೂಡಿಟ್ಟದ್ದೂ ಖಾಲಿ. ಅಲ್ಲಿ ನೀರಿನ ಜೊತೆ ತಾನೂ ಏರುವ ಗಿಡ ಬೇಕು. ಬಾಂಗ್ಲಾದೇಶದ ಆಳ ನೀರಿನ ಭತ್ತ ದಿನಕ್ಕೆ 20 ಸೆಂಟಿಮೀಟರಿನಷ್ಟು ಉದ್ದವಾಗಬಲ್ಲದು. ಅದರ ಹಿಂದಿರುವ ಸ್ನಾರ್ಕೆಲ್-1, ಸ್ನಾರ್ಕೆಲ್-2 ಜೀನ್‌ಗಳನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಪತ್ತೆ ಮಾಡಿದರು. ಇವೂ ಸಬ್-1ಎ ಜೀನಿನ ಕುಟುಂಬದವೇ. ಎಥಿಲೀನ್ ಬಂದಾಗ ಒಂದು ಗಿಡಕ್ಕೆ ಕೂರು ಅನ್ನುತ್ತದೆ, ಇನ್ನೊಂದು ಏಳು ಅನ್ನುತ್ತದೆ. ಇನ್ನೂ ಒಂದು ವಿಷಯ 2018ರಲ್ಲಿ ಗೊತ್ತಾಯಿತು. ಟಿಎನ್-1 ಮೂಲಕ ಬಂದು ಜಯವನ್ನು ಗಿಡ್ಡ ಮಾಡಿದ ಎಸ್‌ಡಿ-1 ಎಂಬ ಜೀನ್ ಇದೆಯಲ್ಲ, ಅದರದೇ ಬೇರೊಂದು ರೂಪ ಆಳ ನೀರಿನ ಭತ್ತ ಉದ್ದವಾಗಲು ನೆರವಾಗುತ್ತದೆ. ಅಂದರೆ ಹಸಿರು ಕ್ರಾಂತಿಗೆ ಬೇಕಾದ ಗಿಡ್ಡತನವೇ ಕೂರುವ ನೆರೆಗೆ ಅಡ್ಡಿ. ಜಯದ ಗಿಡ್ಡತನ ಉಳಿಸಿಕೊಂಡು ಅದನ್ನು ಕೆಳಗಿನ ಗದ್ದೆಗೆ ಒಗ್ಗಿಸುತ್ತೇನೆ ಅನ್ನುವುದು ಸಾಧುವಲ್ಲ.

ಆ ಸೀಮೆಯಲ್ಲಿ ನೆರೆಗುಳಿ, ಎಡೆಕುಣಿಯಂಥ ನಾಟಿ ತಳಿಗಳು ನೆರೆ ಗದ್ದೆಗೆಂದೇ ಇದ್ದವು. ಅವುಗಳಲ್ಲಿ ಯಾವುದು ಕೂರುವ ಜಾತಿ, ಯಾವುದು ಏಳುವ ಜಾತಿ ಅಂತ ಒಂದೊಂದಾಗಿ ತೊಟ್ಟಿಯಲ್ಲಿಟ್ಟು ನೋಡುವುದು ಈಗಿನ ನನ್ನ ಕೆಲಸ. ಆ ಬೀಜಗಳನ್ನು ಉಳಿಸಿಕೊಂಡ ಮನೆಗಳಿಗೆ ನಾವು ಋಣಿಗಳು. ಎಫ್‌ಆರ್ 13ಎಗೂ ಮೂಲ ರೈತರ ಗದ್ದೆಯೇ ಅಲ್ವಾ?

ಹೂ ಬಿಡುವ ಹೊತ್ತಿನ ಲೆಕ್ಕವೂ ಇದಕ್ಕೆ ಸೇರುತ್ತದೆ. ಎರಡು ವಾರ ಮುಳುಗಿ ಎದ್ದ ಪೈರು ತೆನೆ ಬಿಡುವುದು ತಡ. ಮಳೆಗಾಲದ ಹಳೆಯ ತಳಿಗಳಲ್ಲಿ ಅನೇಕವು ಹಗಲು ಚಿಕ್ಕದಾಗುವುದನ್ನು ಗುರುತಿಸಿ ತೆನೆ ಬಿಡುತ್ತವೆ. ಬಿತ್ತನೆ ಹಿಂದುಮುಂದಾದರೂ ತೆನೆ ಬರುವ ಕಾಲ ಹೆಚ್ಚು ತಪ್ಪುವುದಿಲ್ಲ. ಎಚ್‌ಡಿ-1 ಎಂಬ ಜೀನ್ ಇದರಲ್ಲಿ ಮುಖ್ಯ, 2000ದಲ್ಲಿ ಗೊತ್ತಾದದ್ದು. ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಹಗಲಿನ ಉದ್ದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ. ಅದಕ್ಕೇ ಅವು ಬೇಸಿಗೆಗೂ ಆಗುತ್ತವೆ, ದೇಶ ದೇಶ ದಾಟಿಯೂ ಬೆಳೆಯುತ್ತವೆ. ಜಪಾನಿನ ಉತ್ತರದ ಹೊಕ್ಕೈಡೊದಂಥ ಚಳಿ ನಾಡಿಗೆ ಭತ್ತ ಹೋಗಲು ಸಾಧ್ಯವಾದದ್ದೂ ಹಗಲಿನ ಲೆಕ್ಕ ಬಿಟ್ಟ ತಳಿಗಳಿಂದ. ಆದರೆ ಮಳೆಯನ್ನೇ ನಂಬಿದ ತಗ್ಗು ಗದ್ದೆಯಲ್ಲಿ ತಡವಾದ ತೆನೆಗೆ ಕೊನೆಯ ಮಳೆ ಸಿಗದೆ ಕಾಳು ಜಳ್ಳಾಗಬಹುದು. ಹಾಗಾಗಿ ನೆರೆ ತಳಿ ಆರಿಸುವಾಗ ನಾನು ಬದುಕಿದ ಗಿಡಗಳ ಎಣಿಕೆಯ ಜೊತೆ ತೆನೆ ಬಂದ ದಿನವನ್ನೂ ಬರೆದುಕೊಳ್ಳುತ್ತೇನೆ.

ಸಬ್-1 ಇರುವ ತಳಿ ಹಾಕುವವರಿಗೆ ನನ್ನ ಕಿವಿಮಾತು ಇಷ್ಟು. ಬಿತ್ತಿದ ಬೀಜ ಮೊಳೆಯುವ ಮೊದಲೇ ನೀರು ನಿಂತರೆ ಈ ಜೀನ್ ಕೆಲಸಕ್ಕೆ ಬರುವುದಿಲ್ಲ, ಆ ಗುಣವೇ ಬೇರೆ. ನೇರ ಬಿತ್ತನೆ ಮಾಡುವವರು ಇದನ್ನು ನೆನಪಿಡಿ. ಕೆಸರು ತುಂಬಿದ ಕದಡು ನೀರಿನಲ್ಲಿ ಬೆಳಕು ಒಳಗೆ ಹೋಗುವುದಿಲ್ಲ, ಅಲ್ಲಿ ಎರಡು ವಾರದ ಭರವಸೆ ಇಟ್ಟುಕೊಳ್ಳಬೇಡಿ. ನೀರು ಇಳಿದ ಕೂಡಲೇ ಗಾಬರಿಯಿಂದ ಯೂರಿಯಾ ಚೆಲ್ಲಬೇಡಿ. ಗದ್ದೆ ಸತ್ತಿತು ಅಂತ ಉಳುವುದೂ ಬೇಡ. ಒಂದು ವಾರದಷ್ಟು ಕಾದು, ಸುಳಿಯಿಂದ ಹೊಸ ಎಲೆ ಬಂದಮೇಲೆ ಗೊಬ್ಬರ ಕೊಡಿ. ಬೀಜ ನಿಮ್ಮದೇ ಇಟ್ಟುಕೊಳ್ಳಬಹುದು, ಭತ್ತ ತನ್ನ ಪರಾಗಕ್ಕೇ ಕಾಳು ಕಟ್ಟುವುದರಿಂದ ಗುಣ ಬೇಗ ಕೆಡುವುದಿಲ್ಲ. ತೆನೆ ಬಂದಾಗ ಗದ್ದೆಯೊಳಗೆ ನಡೆದು, ಬೇರೆ ಎತ್ತರದ, ಬೇರೆ ಕಾಳಿನ ಗಿಡಗಳನ್ನು ಕಿತ್ತು ಹಾಕಿದರೆ ಸಾಕು.